ಗುಡ್ಡೆ ಹಾಕಿದ ಮಾತ್ರೆ

ದೊಡ್ಡಮುನಿಯಪ್ಪನಿಗೆ ಮಂಡಿ ಹೋದದ್ದು ಅಂಥ ದೊಡ್ಡ ಸಂಗತಿಯೇನಲ್ಲ. ಅರವತ್ತು ದಾಟಿದ ಮೇಲೆ ಯಾರ ಮಂಡಿ ನೆಟ್ಟಗಿರುತ್ತದೆ? ಆದರೆ ಮಂಡಿಯ ಜೊತೆಗೆ ಅವನ ಗುಡ್ಡೆಯೂ ಕೈಬಿಟ್ಟು ಹೋಯಿತು ನೋಡಿ, ಅದನ್ನು ಮಾತ್ರ ಅವನಿಗೆ ತಡೆದುಕೊಳ್ಳಲಾಗಲಿಲ್ಲ.

ಗುಡ್ಡೆ ಎಂದರೆ ಬಾಡಿನ ಪಾಲು. ಯುಗಾದಿಯ ಮಾರನೆ ದಿನ ಹೊಸತೊಡಕು. ಹಿಂದಿನ ದಿನ ಒಬ್ಬಟ್ಟು ತಿಂದು ಸಪ್ಪಗಾದ ನಾಲಿಗೆಗೆ ಅವತ್ತು ಬಾಡು ಬೇಕೇ ಬೇಕು. ತಾಯಲೂರಿನ ಮಗ್ಗುಲಿಗಿದ್ದ ಆ ಪುಟ್ಟ ಊರಿನಲ್ಲಿ ಎಲ್ಲರೂ ಸೇರಿ ಮರಿ ತಂದು ಕಡಿದು, ಮುತ್ತುಗದ ಎಲೆಗಳ ಮೇಲೆ ಮನೆಗೊಂದು ಪಾಲು ಹಾಕುತ್ತಿದ್ದರು. ಒಂದೊಂದು ಗುಡ್ಡೆಯಲ್ಲೂ ತೊಡೆಯದ್ದೊಂದಿಷ್ಟು, ಎದೆಯದ್ದೊಂದಿಷ್ಟು, ಕಲೀಜದ ಚೂರು, ಬೋಟಿಯ ತುಂಡು, ತಲೆಯದ್ದೊಂದು ಪಾಲು ಇರಲೇಬೇಕು. ತಕ್ಕಡಿ ಮುಟ್ಟುವ ಹಾಗಿಲ್ಲ, ಕಣ್ಣೇ ತಕ್ಕಡಿ. ಗುಡ್ಡೆಗಳೆಲ್ಲ ಬಿದ್ದ ಮೇಲೆ ಒಬ್ಬನನ್ನು ಬೆನ್ನು ತಿರುಗಿಸಿ ನಿಲ್ಲಿಸುವುದು, ಇನ್ನೊಬ್ಬ ಒಂದು ಗುಡ್ಡೆ ತೋರಿಸಿ “ಇದು ಯಾರಿಗೆ?” ಎನ್ನುವುದು, ಬೆನ್ನು ತಿರುಗಿಸಿದವನು ನೋಡದೆಯೇ ಒಂದು ಹೆಸರು ಕೂಗುವುದು. ಗುಡ್ಡೆ ಹಾಕಿದವನು ಎಲ್ಲರದೂ ಆದ ಮೇಲೆ ಉಳಿದದ್ದನ್ನು ಎತ್ತಿಕೊಳ್ಳಬೇಕು. ಇದು ಊರಿನ ಕಾನೂನು, ಇದಕ್ಕೆ ಕೋಲಾರದ ಕೋರ್ಟಿನಲ್ಲೂ ಅಪೀಲಿಲ್ಲ.

ಎಷ್ಟೋ ವರ್ಷ ಆ ಗುಡ್ಡೆ ಹಾಕಿದವನು ದೊಡ್ಡಮುನಿಯಪ್ಪ. ಕುಕ್ಕರಗಾಲಲ್ಲಿ ಕೂತು ಎಲೆಯಿಂದ ಎಲೆಗೆ ಹಾಗೇ ಸರಿಯುತ್ತ ಹೋದನೆಂದರೆ ಒಂದು ಗುಡ್ಡೆಗೂ ಇನ್ನೊಂದಕ್ಕೂ ಕೂದಲೆಳೆಯ ವ್ಯತ್ಯಾಸ ಇರುತ್ತಿರಲಿಲ್ಲ. ಅವನು ಊರಿಗೆ ಪಟೇಲನಲ್ಲ, ಪಂಚಾಯ್ತಿ ಮೆಂಬರಲ್ಲ, ಇದ್ದದ್ದು ಒಂದಿಷ್ಟು ರಾಗಿ ಹೊಲ, ಒಂದಿಷ್ಟು ಹಿಪ್ಪುನೇರಳೆ. ವರ್ಷಕ್ಕೊಂದು ಬೆಳಿಗ್ಗೆ ಇಡೀ ಊರು ಅವನ ಕೈಯನ್ನೇ ನೋಡುತ್ತಿತ್ತು. ಅವನ ಮರ್ಯಾದೆಯೆಲ್ಲ ಅದರಲ್ಲಿತ್ತು.

ಎರಡು ವರ್ಷದ ಕೆಳಗೆ ಮಂಡಿ ಮಡಿಸಲಾಗದೆ ಹೋಯಿತು. ಊರಿನವರು ಅವನ ದಾಯಾದಿ ತಮ್ಮ ಪೆದ್ದಪ್ಪನನ್ನು ಕೂರಿಸಿದರು. ಪೆದ್ದಪ್ಪ ಹಾಕಿದ ಗುಡ್ಡೆಗಳೋ, ಒಂದು ಬೆಟ್ಟ, ಇನ್ನೊಂದು ಬಟಾಬಯಲು. ಹೋದ ವರ್ಷ ಕೆರೆಯ ಆ ತುದಿಯ ಮುನಿಗಂಗಮ್ಮ ತನ್ನ ಗುಡ್ಡೆಯನ್ನು ಎಲೆ ಸಮೇತ ತಂದು ದೊಡ್ಡಮುನಿಯಪ್ಪನ ಜಗುಲಿಯ ಮೇಲಿಟ್ಟು, “ನೋಡಣ್ಣಾ, ಬರೀ ಮೂಳೆ. ಇದನ್ನ ಬೇಯ್ಸಲಾ, ತಿಪ್ಪೆಗೆ ಹಾಕ್ಲಾ?” ಎಂದು ಕೇಳಿದ್ದಳು. ದೊಡ್ಡಮುನಿಯಪ್ಪನಿಗೆ ಬಹಳ ದುಃಖವಾಯಿತು. ನಿಜ ಹೇಳಬೇಕೆಂದರೆ, ಅದಕ್ಕಿಂತ ಸ್ವಲ್ಪ ಹೆಚ್ಚಾಗಿ ಸಂತೋಷವಾಯಿತು. ಪೆದ್ದಪ್ಪ ತನ್ನ ಬೀಗರ ಮನೆಗೆ ಬೇಕೆಂದೇ ಒಳ್ಳೆಯ ತುಂಡು ಜಾರಿಸುತ್ತಾನೆ ಎಂದು ಕಂಡವರ ಹತ್ತಿರವೆಲ್ಲ ಹೇಳಿಕೊಂಡು ಬಂದ.

“ಈ ಹೊಸತೊಡಕಿಗೆ ನಾನೇ ಕೂರ್ತೀನಿ,” ಎಂದು ಅವನು ಸಂಕ್ರಾಂತಿಯ ದಿನ ಘೋಷಿಸಿದ.

“ಬಯಲಿಗೆ ಹೋದ್ರೆ ಬೇಲಿ ಗೂಟ ಹಿಡ್ಕೊಂಡು ಕೂರ್ತೀರ. ಇನ್ನು ಗುಡ್ಡೆಗೆ ಕೂರ್ತಾರಂತೆ!” ಎಂದಳು ಹೆಂಡತಿ ಅಕ್ಕಯಮ್ಮ. ಅವಳ ಬಾಯಿಗೆ ಊರೇ ಹೆದರುತ್ತಿತ್ತು, ಮಂಡಿ ಯಾವ ಲೆಕ್ಕ.

ಹೀಗಿರುವಾಗ ಹಾಲಿನ ಡೈರಿಯ ಮುಂದೆ ಒಂದು ಬೆಳಿಗ್ಗೆ ಜೀಪು ಬಂದು ನಿಂತಿತು. ಇಳಿದವರು ಇನ್ನೂ ಹುಡುಗುಮುಖದ ಡಾಕ್ಟರ್ ಮುನಿಕೃಷ್ಣಪ್ಪ, ಬೆಂಗಳೂರಿನ ಯಾವುದೋ ಸಂಶೋಧನಾ ಕೇಂದ್ರದವರು. ಹುಟ್ಟೂರು ಇಲ್ಲೇ ವೇಮಗಲ್ ಎಂದು ಅವರೇ ಹೇಳಿಕೊಂಡದ್ದರಿಂದ ಜನಕ್ಕೆ ಅರ್ಧ ಭಯ ಹೋಯಿತು. ಹಾಲು ಹಾಕಲು ಬಂದವರಲ್ಲಿ ಮಂಡಿ ನೋವಿನವರನ್ನು ಕೂರಿಸಿಕೊಂಡು, ಅವರು ತಾವು ಬಂದ ವಿಷಯ ಹೇಳತೊಡಗಿದರು.

“ನೋಡ್ರಪ್ಪ, ಇದು ಮಂಡಿ ನೋವಿಗೆ ಅಂತ ಮಾಡಿರೋ ಹೊಸ ಮಾತ್ರೆ. ತಿಂದ್ರೆ ಕೆಡುಕೇನಿಲ್ಲ ಅಂತ ಮೊದ್ಲೇ ನೋಡಿದಾರೆ. ನೋವು ಕಮ್ಮಿ ಮಾಡುತ್ತೋ ಇಲ್ವೋ ಅಂತ ಕಂಡುಹಿಡೀಬೇಕು, ಅದಕ್ಕೇ ಬಂದಿದೀನಿ. ನಿಮ್ಮಲ್ಲಿ ಅರ್ಧ ಜನಕ್ಕೆ ನಿಜವಾದ ಮಾತ್ರೆ ಸಿಗುತ್ತೆ. ಇನ್ನರ್ಧ ಜನಕ್ಕೆ ಬರೀ ಹಿಟ್ಟಿನ ಮಾತ್ರೆ. ಕಣ್ಣಿಗೂ ಬಾಯಿಗೂ ಎರಡೂ ಒಂದೇ ತರ.”

ಮುನಿಗಂಗಮ್ಮ, “ಹಿಟ್ಟು ನಮ್ಮ ಮನೇಲಿಲ್ವಾ ಸ್ವಾಮಿ?” ಎಂದಳು.

ಡಾಕ್ಟರು ನಕ್ಕರು. “ಅಲ್ಲಮ್ಮ, ಕೇಳಿ. ಮಂಡಿ ನೋವು ತಾನಾಗೇ ಏರುತ್ತೆ, ತಾನಾಗೇ ಇಳಿಯುತ್ತೆ. ಜನ ಡಾಕ್ಟ್ರ ಹತ್ರ ಬರೋದು ಯಾವಾಗ? ತಡ್ಕೊಳ್ಳಕ್ಕಾಗ್ದೆ ಇರುವಾಗ. ಆಮೇಲೆ ಹೇಗಿದ್ರೂ ಇಳಿಯೋದೇ. ಆಗ ಮಾತ್ರೆಯಿಂದ ಇಳೀತಾ, ತಾನಾಗೇ ಇಳೀತಾ? ಇನ್ನೊಂದು ವಿಷ್ಯ. ಡಾಕ್ಟ್ರು ಕೊಟ್ಟಿದ್ದು ಅಂತ ನಂಬಿ ನುಂಗಿದ್ರೆ ಹಿಟ್ಟೂ ನೋವು ಕಮ್ಮಿ ಮಾಡುತ್ತೆ. ಸುಳ್ಳು ಸುಳ್ಳೇ ಅಲ್ಲ, ನಿಜವಾಗ್ಲೂ. ಆ ನಂಬಿಕೆಯ ಪಾಲನ್ನ ಕಳೆದ್ರೆ ಉಳಿಯೋದೇ ಮಾತ್ರೆಯ ಕೆಲಸ. ನೀವು ಹೊಸ ರಾಗಿ ತಳಿ ಬಂದಾಗ ಏನು ಮಾಡಿದ್ರಿ? ಹೊಲದ ಒಂದು ಭಾಗಕ್ಕೆ ಹೊಸದು, ಒಂದು ಭಾಗಕ್ಕೆ ಹಳೇದು. ಅದೇ ಗೊಬ್ಬರ, ಅದೇ ಮಳೆ. ಆಗ ತಾನೇ ಯಾವುದು ಹೆಚ್ಚು ಅಂತ ಗೊತ್ತಾಗಿದ್ದು?”

ರಾಗಿಯ ಮಾತು ಎಲ್ಲರಿಗೂ ಸರಿಯೆನಿಸಿತು. ದೊಡ್ಡಮುನಿಯಪ್ಪ ಮಾತ್ರ ಕೇಳಿದ: “ಸರಿ ಡಾಕ್ಟ್ರೇ, ನಮ್ಮಲ್ಲಿ ಹೊಸ ರಾಗಿ ಯಾರು, ಹಳೇದು ಯಾರು?”

“ಅದು ನನಗೂ ಗೊತ್ತಿಲ್ಲ. ಕವರಿನ ಮೇಲೆ ಬರೀ ನಂಬರಿದೆ. ಯಾವ ನಂಬರಿಗೆ ಯಾವುದು ಅನ್ನೋದು ಬೆಂಗಳೂರಲ್ಲಿ ಬೀಗ ಹಾಕಿಟ್ಟಿದಾರೆ. ಕೊಡೋ ನನಗೆ ಗೊತ್ತಿದ್ರೆ ನನ್ನ ಮುಖ ನೋಡಿ ನೀವು ತಿಳ್ಕೊಂಡುಬಿಡ್ತೀರ.”

ಪಾಪ, ಇಷ್ಟು ಓದಿದವನನ್ನೂ ನಂಬಿ ಹೇಳಿಲ್ಲವಲ್ಲ ಎಂದು ಎಲ್ಲರಿಗೂ ಅವರ ಮೇಲೆ ಮರುಕ ಹುಟ್ಟಿತು. ಆ ಮರುಕದಲ್ಲೇ ಕವರು ಇಸಿದುಕೊಂಡರು. ವಾರಕ್ಕೊಮ್ಮೆ ಬಂದು ಹೊಸ ಕವರು ಕೊಡುವುದಾಗಿಯೂ, ಆಗ ನೋವು ರೂಪಾಯಿಗೆ ಎಷ್ಟಾಣೆ ಇದೆಯೆಂದು ಹೇಳಬೇಕೆಂದೂ ತಿಳಿಸಿ ಡಾಕ್ಟರು ಜೀಪು ಹತ್ತಿದರು. ಆಣೆ ಹೋಗಿ ಎಷ್ಟೋ ಕಾಲವಾಗಿದ್ದರೂ ಊರಿನ ಹಿರಿಯರ ನೋವು ಇನ್ನೂ ಆಣೆಯಲ್ಲೇ ಇತ್ತು. ಅವತ್ತು ಎಲ್ಲರದೂ ಪೂರ್ತಿ ಹದಿನಾರಾಣೆ.

ಜೀಪಿನ ದೂಳು ಇಳಿಯುವ ಮುಂಚೆ ಪರೀಕ್ಷೆ ಶುರುವಾಯಿತು. ಡಾಕ್ಟರದಲ್ಲ, ಊರಿನವರದು. ಒಬ್ಬ ಮಾತ್ರೆಯನ್ನು ನೆಕ್ಕಿ ನೋಡಿದ, ಕಹಿ. ಪಕ್ಕದವನದೂ ಅಷ್ಟೇ ಕಹಿ. ಮುನಿಗಂಗಮ್ಮ ಎರಡು ಲೋಟದಲ್ಲಿ ಎರಡು ಮಾತ್ರೆ ಕರಗಿಸಿದಳು, ಎರಡೂ ಬೆಳ್ಳಗಾದವು. ಇನ್ನೊಬ್ಬ ತನ್ನ ಮಾತ್ರೆಯನ್ನು ಮೇಕೆಗೆ ತಿನ್ನಿಸಿದ. ಮೇಕೆಗೆ ಮೊದಲೂ ಮಂಡಿ ನೋವಿರಲಿಲ್ಲ, ಆಮೇಲೂ ಇರಲಿಲ್ಲ, ಹಾಗಾಗಿ ಅದರಿಂದ ಏನೂ ತಿಳಿಯಲಿಲ್ಲ. ಸಂಜೆಯ ಹೊತ್ತಿಗೆ ಒಬ್ಬರನ್ನು ಕಂಡರೆ ಒಬ್ಬರಿಗೆ ಅನುಮಾನ. ಅಕ್ಕಪಕ್ಕದ ಮನೆಯವರು ಒಬ್ಬರ ನಡಿಗೆಯನ್ನೊಬ್ಬರು ಕಳ್ಳಗಣ್ಣಿನಿಂದ ನೋಡತೊಡಗಿದರು.

ದೊಡ್ಡಮುನಿಯಪ್ಪನಿಗೆ ಇದು ಸರಿಬರಲಿಲ್ಲ. ತನ್ನ ಕವರಿನಲ್ಲಿ ಏನಿದೆಯೋ ಎಂಬ ಚಿಂತೆ ಅವನಿಗೂ ಇತ್ತು, ಇಲ್ಲವೆನ್ನಲಾಗದು, ಹೊಸತೊಡಕು ದೂರವಿರಲಿಲ್ಲ. ಆದರೆ ಅದಕ್ಕಿಂತ ಹೆಚ್ಚಾಗಿ ಅನ್ಯಾಯ ಅವನನ್ನು ಚುಚ್ಚಿತು. ಒಂದೇ ಊರು, ಒಂದೇ ಡೈರಿ, ಒಂದೇ ನೋವು. ಒಬ್ಬನ ಎಲೆಗೆ ಬಾಡು, ಇನ್ನೊಬ್ಬನ ಎಲೆಗೆ ಮೂಳೆ ಎಂದರೆ ಏನು ನ್ಯಾಯ?

“ಎಲ್ಲಾ ತನ್ರಲೇ ಇಲ್ಲಿ,” ಎಂದ. “ಗುಡ್ಡೆ ಹಾಕ್ತೀನಿ.”

ಆ ಮಾತು ಬಿದ್ದದ್ದೇ ತಡ, ಎಲ್ಲರ ಎದೆ ಹಗುರವಾಯಿತು. ಇಷ್ಟು ಸುಲಭದ ಉಪಾಯ ಬೆಂಗಳೂರಿನವರಿಗೆ ಹೊಳೆಯಲಿಲ್ಲವಲ್ಲ ಎಂದು ಆಡಿಕೊಂಡರು. ಕವರುಗಳನ್ನೆಲ್ಲ ಮೊರಕ್ಕೆ ಸುರಿದು, ಕೈಯಾಡಿಸಿ ಚೆನ್ನಾಗಿ ಬೆರೆಸಿ, ದೊಡ್ಡಮುನಿಯಪ್ಪ ಹಲಗೆಯ ಮೇಲೆ ಮುತ್ತುಗದ ಎಲೆ ಹರಡಿದ. ನೆಲಕ್ಕೆ ಕೂರಲಾಗದ್ದರಿಂದ ಮುಕ್ಕಾಲಿಯ ಮೇಲೆ ಕೂತಿದ್ದ ಅನ್ನುವುದೊಂದು ಬಿಟ್ಟರೆ ಎಲ್ಲ ಹಳೆಯ ಹಾಗೆಯೇ. ಬೆನ್ನು ತಿರುಗಿಸಿದವನು ಹೆಸರು ಕೂಗಿದ, ಜನ ತಮ್ಮ ತಮ್ಮ ಮಾತ್ರೆ ಎತ್ತಿಕೊಂಡರು. ಖಾಲಿ ಕವರುಗಳನ್ನು ಮಾತ್ರ ನಂಬರು ತಪ್ಪದಂತೆ ಅವರವರಿಗೇ ವಾಪಸು ಕೊಟ್ಟ. ಡಾಕ್ಟರಿಗೆ ಬೇಜಾರಾಗಬಾರದಲ್ಲ.

ಅಷ್ಟರಲ್ಲಿ ಪೆದ್ದಪ್ಪ ಬಂದ. “ನನ್ನ ಪಾಲೆಲ್ಲಣ್ಣ?”

“ಡಾಕ್ಟ್ರು ಬಂದಾಗ ನೀನಿರಲಿಲ್ಲ. ಅಲ್ದೆ ನಿನಗೇನ್ಲಾ ಬಂದಿರೋದು? ಗಟ್ಟಿಮುಟ್ಟಾಗಿ ಓಡಾಡ್ಕೊಂಡಿದೀಯ.”

“ಏನೂ ಬಂದಿಲ್ಲ. ಆದ್ರೆ ಊರಿಗೆ ಬಂದಿದ್ದು ಎಲ್ಲಾರ ಮನೆಗೂ ಬರಬೇಕು ತಾನೇ? ಗುಡ್ಡೆ ಅಂದ್ಮೇಲೆ ಗುಡ್ಡೆ.”

ಗುಡ್ಡೆ ಅಂದ ಮೇಲೆ ಗುಡ್ಡೆಯೇ. ಬಂದು ಕೈಯೊಡ್ಡಿದವನಿಗೆ ಇಲ್ಲವೆನ್ನುವ ಹಾಗಿಲ್ಲ, ಉಳಿದಿದ್ದ ತನ್ನ ಪಾಲಿನಿಂದಲೇ ತೆಗೆದು ಕೊಟ್ಟ. ಅವನ ಹಿಂದೆಯೇ ಸೊಂಟ ನೋವಿನವರು, ಕತ್ತು ಉಳುಕಿದವರು, ಏನೂ ಇಲ್ಲದೆ ಸುಮ್ಮನೆ ಬಂದವರು ಎಲ್ಲರೂ ಸೇರಿಕೊಂಡರು. ಎಲ್ಲರಿಗೂ ಕೊಟ್ಟು ಕೊನೆಗೆ ಎತ್ತಿಕೊಳ್ಳಬೇಕಾದ ದೊಡ್ಡಮುನಿಯಪ್ಪ ತಿರುಗಿ ನೋಡಿದರೆ ಅವನ ಎಲೆಯ ಮೇಲೆ ಎಲೆ ಬಿಟ್ಟು ಇನ್ನೇನೂ ಇರಲಿಲ್ಲ.

ಇದನ್ನು ಅವನು ಯಾರಿಗೂ ಹೇಳಲಿಲ್ಲ. ಗುಡ್ಡೆ ಹಾಕಿದವನು ತನಗೆ ಬರಲಿಲ್ಲ ಎಂದು ಗೋಳಾಡಿದರೆ ಅದಕ್ಕಿಂತ ನಾಚಿಕೆಗೇಡು ಬೇರೆ ಉಂಟೇ? ಮನೆಗೆ ಹೋಗಿ ಅಕ್ಕಯಮ್ಮನ ಎದುರಿಗೆ ಬರಿಗೈಯನ್ನು ಬಾಯಿಗೆ ಹಾಕಿಕೊಂಡು, ಮುಖ ಕಹಿ ಮಾಡಿ, ಒಂದು ಚೊಂಬು ನೀರು ಕುಡಿದ. ಒಳಗೊಳಗೇ ಅಳು ಬಂತು. ನ್ಯಾಯ ಮಾಡಲು ಹೋಗಿ ತನ್ನ ಮಂಡಿಯನ್ನು ತಾನೇ ಬಲಿ ಕೊಟ್ಟೆನಲ್ಲ ಎಂದು ಅವನಿಗೆ ನಿಜವಾಗಿಯೂ ಸಂಕಟವಾಯಿತು.

ಮಾರನೆ ದಿನ ಇನ್ನೊಂದು ಸಮಸ್ಯೆ. ಗುಡ್ಡೆ ಬಾಡನ್ನು ನಾಳೆಗೆಂದು ಎತ್ತಿಡುವ ಅಭ್ಯಾಸ ಯಾರಿಗಿದೆ? ತಂದದ್ದು ಅವತ್ತೇ ಬೇಯಿಸಿ ಅವತ್ತೇ ತಿನ್ನಬೇಕು. ಹಾಗೆಯೇ ಮುನಿಗಂಗಮ್ಮ ವಾರದ ಮಾತ್ರೆಯನ್ನು ಒಂದೇ ಸಲಕ್ಕೆ ನುಂಗಿ, ಹೊಟ್ಟೆ ಉರಿ ಉರಿ ಎಂದು ಮಜ್ಜಿಗೆ ಕುಡಿಯುತ್ತ ಮಲಗಿದ್ದಳು. ಅವಳ ಅದೃಷ್ಟಕ್ಕೆ ಹಿಟ್ಟಿನ ಪಾಲು ಜಾಸ್ತಿ ಇತ್ತೋ ಏನೋ, ಸಂಜೆಗೆ ಎದ್ದು ಕೂತಳು. ಇನ್ನು ಇವರ ಕೈಗೆ ಮಾತ್ರೆ ಕೊಟ್ಟರೆ ಕೊಲೆಯಾಗುತ್ತದೆ ಎಂದು ದೊಡ್ಡಮುನಿಯಪ್ಪ ಎಲ್ಲರದನ್ನೂ ವಾಪಸು ಇಸಿದುಕೊಂಡು ಮನೆಯ ಕುಡಿಕೆಯಲ್ಲಿಟ್ಟ. ದಿನಾ ಬೆಳಿಗ್ಗೆ ತಾನೇ ಮನೆಮನೆಗೆ ಹೋಗಿ, ಒಬ್ಬೊಬ್ಬರಿಗೆ ಒಂದೊಂದು ಕೊಟ್ಟು, ಎದುರಿಗೇ ನುಂಗಿಸಿ ಬರುವುದೆಂದು ಏರ್ಪಾಟಾಯಿತು. ಎಲ್ಲರಿಗೂ ಕೊಟ್ಟ ಮೇಲೆ ತನಗೆಂದು ಒಂದೂ ಉಳಿಯದಿದ್ದರೂ ಅಕ್ಕಯಮ್ಮನ ಎದುರಿಗೆ ದಿನಾ ಅದೇ ಬರಿಗೈ, ಅದೇ ಕಹಿ ಮುಖ.

ಅವನ ಮನೆ ಊರಿನ ಮೇಲಿನ ತುದಿಗೆ. ಮುನಿಗಂಗಮ್ಮನದು ಕೆರೆ ಕಟ್ಟೆ ದಾಟಿ, ಹಿಪ್ಪುನೇರಳೆ ತೋಟಗಳ ಆಚೆ. ಮೊದಲ ದಿನ ಕೋಲೂರಿಕೊಂಡು, ಸಿಕ್ಕ ಸಿಕ್ಕ ಕಲ್ಲಿನ ಮೇಲೆ ಕೂರುತ್ತ, ಮಂಡಿಯನ್ನೂ ಮುನಿಗಂಗಮ್ಮನನ್ನೂ ಬೆಂಗಳೂರನ್ನೂ ಬೈಯುತ್ತ ಹೋದ. ವಾಪಸು ಬರುವ ಹೊತ್ತಿಗೆ ಸೂರ್ಯ ನೆತ್ತಿಗೆ ಬಂದಿದ್ದ. ಆದರೆ ಜನ ಬಾಗಿಲಲ್ಲಿ ನೀರಿನ ಲೋಟ ಹಿಡಿದು ಅವನಿಗಾಗಿ ಕಾದಿದ್ದರು. ಎರಡು ವರ್ಷದಿಂದ ಅವನಿಗಾಗಿ ಯಾರೂ ಹೀಗೆ ಕಾದಿರಲಿಲ್ಲ. ಆ ಸುಖಕ್ಕೆ ಮಾರನೆ ದಿನವೂ ಹೋದ, ಅದರ ಮಾರನೆ ದಿನವೂ ಹೋದ.

ಡಾಕ್ಟರು ವಾರ ವಾರ ಬಂದರು, ಕವರು ಕೊಟ್ಟರು, ಆಣೆ ಕೇಳಿದರು. ಮೊದಲ ವಾರಕ್ಕೇ ಊರಿನ ನೋವು ಹತ್ತಾಣೆಗೆ ಇಳಿದುಬಿಟ್ಟಿತ್ತು. ನಂಬಿಕೆಯ ಪಾಲು ಎಂದು ಡಾಕ್ಟರು ಹೇಳಿದ್ದರಲ್ಲ, ಅದು ಗುಡ್ಡೆಯಲ್ಲಿ ಎಲ್ಲರಿಗೂ ಸಮವಾಗಿ ಬಂದಿತ್ತು. ಅಲ್ಲಿಂದ ಮುಂದೆ ಊರು ಅಲ್ಲಲ್ಲೇ ನಿಂತಿತು, ಒಂದಾಣೆ ಮೇಲೆ, ಒಂದಾಣೆ ಕೆಳಗೆ. ದೊಡ್ಡಮುನಿಯಪ್ಪನದು ಮಾತ್ರ ಇಳಿಯುತ್ತಲೇ ಹೋಯಿತು. ಎಂಟಾಣೆ ಎಂದ, ಆರಾಣೆ ಎಂದ. ಶಿವರಾತ್ರಿ ಕಳೆಯುವಷ್ಟರಲ್ಲಿ ಕೋಲು ಬರೀ ನಾಯಿ ಬೆದರಿಸಲು ಎನ್ನುವಂತಾಯಿತು.

ಇದೇ ಅವನಿಗೆ ಗಾಬರಿ. ಮಾತ್ರೆ ತಿಂದವರಿಗೆ ಇಷ್ಟು ಇಳಿಯದ ನೋವು, ತಿನ್ನದ ತನಗೆ ಇಳಿಯುವುದೆಂದರೇನು? ಮುಳಬಾಗಿಲಿನ ಆಂಜನೇಯಸ್ವಾಮಿಗೆ ಏನಾದರೂ ಹರಕೆ ಕಟ್ಟಿಕೊಂಡಿದ್ದೆನೇ ಎಂದು ನೆನಪು ಮಾಡಿಕೊಂಡ, ಕಟ್ಟಿಕೊಂಡಿರಲಿಲ್ಲ. ಯಾಕೆಂದು ಕೇಳಲು ಡಾಕ್ಟರಿಗಿಂತ ಬೇರೆ ಜನವಿಲ್ಲ, ಡಾಕ್ಟರಿಗೆ ಹೇಳಿದರೆ ಗುಡ್ಡೆಯ ಗುಟ್ಟು ಹೊರಬೀಳುತ್ತದೆ. ಹೇಗಾದರಾಗಲಿ, ಹೊಸತೊಡಕಿಗೆ ಕೂರುವುದು ಮುಖ್ಯ ಎಂದು ಬಾಯಿಮುಚ್ಚಿಕೊಂಡಿದ್ದ. ಮಂಚದ ಕಾಲು ಹಿಡಿದು ಸ್ವಲ್ಪ ಸ್ವಲ್ಪವೇ ಮಂಡಿ ಮಡಿಸಿ ನೋಡುತ್ತಿದ್ದ.

ಯುಗಾದಿಗೆ ಎರಡು ದಿನ ಮುಂಚೆ ಡಾಕ್ಟರು ಮತ್ತೆ ಬಂದರು. ಈ ಸಲ ಜೀಪಿಲ್ಲ, ಬಸ್ಸಿನಲ್ಲಿ ಬಂದು ತಾಯಲೂರಿನಿಂದ ನಡೆದುಕೊಂಡು ಬಂದಿದ್ದರು. ಮುಖ ಬಾಡಿತ್ತು. ನೇರ ದೊಡ್ಡಮುನಿಯಪ್ಪನ ಜಗುಲಿಗೆ ಬಂದು ಕೂತರು. ಊರಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಗುಣವಾದವನು ಅವನೇ ಅಲ್ಲವೇ.

“ಬೆಂಗಳೂರಲ್ಲಿ ಬೀಗ ತೆಗೆದು ನೋಡಿದ್ರು,” ಎಂದರು. “ಶ್ರೀನಿವಾಸಪುರದ ಕಡೆ ಗೌನಿಪಲ್ಲೀಲೂ ಇದೇ ಮಾತ್ರೆ ಕೊಟ್ಟಿದ್ವಿ. ಅಲ್ಲಿ ನಿಜವಾದ ಮಾತ್ರೆಗೂ ಹಿಟ್ಟಿಗೂ ಚೆನ್ನಾಗಿ ವ್ಯತ್ಯಾಸ ಬಂದಿದೆ. ಇಲ್ಲಿ ಒಂದು ಚೂರೂ ಇಲ್ಲ. ಹಿಟ್ಟು ತಿಂದೋರು, ಮಾತ್ರೆ ತಿಂದೋರು, ತಕ್ಕಡೀಲಿಟ್ಟಂಗೆ ಒಂದೇ ಸಮ. ನಮ್ಮ ದೊಡ್ಡ ಡಾಕ್ಟ್ರು ನನಗೆ, ನೀನೇ ಕವರು ಅದಲುಬದಲು ಮಾಡಿದೀಯ, ಇಂಥ ಬೇಜವಾಬ್ದಾರಿ ಮನುಷ್ಯ ನಮಗೆ ಬೇಡ ಅಂತಿದಾರೆ. ನಾನು ಒಂದು ಕವರೂ ತಪ್ಪಿಸಿಲ್ಲ, ದೇವರಾಣೆ.”

ಒಂದೇ ಸಮ ಎಂಬ ಮಾತು ಕೇಳಿ ದೊಡ್ಡಮುನಿಯಪ್ಪನಿಗೆ ಮೊದಲು ಬಂದದ್ದು ಹೆಮ್ಮೆ. ಬೆಂಗಳೂರಿನ ತಕ್ಕಡಿಯೇ ತನ್ನ ಗುಡ್ಡೆಯನ್ನು ಒಪ್ಪಿಕೊಂಡಿತಲ್ಲ! ಆಮೇಲೆ ಎದುರಿಗಿದ್ದ ಹುಡುಗನ ಮುಖ ನೋಡಿದ. ಒಬ್ಬರ ಎಲೆಗೂ ಮೋಸ ಮಾಡದವನು ಈ ಒಬ್ಬನ ಎಲೆಯನ್ನು ಪೂರ್ತಿ ಖಾಲಿ ಮಾಡಿಬಿಟ್ಟೆನಲ್ಲ ಎಂದು ನಾಚಿಕೆಯಾಯಿತು.

“ಕವರು ನೀನು ತಪ್ಪಿಸಿಲ್ಲಪ್ಪ,” ಎಂದ. “ನಾನು ಗುಡ್ಡೆ ಹಾಕ್ದೆ.”

“ಏನು?”

“ಮಾತ್ರೇನ. ಎಲ್ಲಾ ಬೆರೆಸಿ ಗುಡ್ಡೆ ಹಾಕಿ ಹಂಚ್ದೆ. ಪ್ರತಿ ವಾರ.”

ವೇಮಗಲ್ಲಿನಲ್ಲಿ ಹುಟ್ಟಿದವರಿಗೆ ಗುಡ್ಡೆ ಎಂದರೆ ಬಿಡಿಸಿ ಹೇಳಬೇಕೇ? ಬಯ್ಯುತ್ತಾರೆ ಎಂದು ದೊಡ್ಡಮುನಿಯಪ್ಪ ತಲೆ ತಗ್ಗಿಸಿದ. ಆದರೆ ಡಾಕ್ಟರು ನಗತೊಡಗಿದರು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಆ ನೀರು ಪೂರ್ತಿ ನಗೆಯದೇ ಆಗಿರಲಿಲ್ಲ.

“ನಮ್ಮಪ್ಪನೂ ಗುಡ್ಡೆ ಹಾಕ್ತಾರೆ. ನನಗೆ ಹೊಳೀಲಿಲ್ವಲ್ಲ!” ಎಂದರು. “ತಪ್ಪು ನನ್ದೇ ಕಣ್ರಿ. ರಾಗಿ ಅಂತ ಹೇಳಿದ್ದೇ ತಪ್ಪು. ಗುಡ್ಡೆ ಹಾಕಿದ ಮೇಲೆ ಒಬ್ಬ ಬೆನ್ನು ತಿರುಗಿಸಿ ಹೆಸರು ಕೂಗಲ್ವಾ? ಯಾವ ಗುಡ್ಡೆ ಯಾರಿಗೆ ಅಂತ ಹಾಕಿದೋನಿಗೂ ಗೊತ್ತಿರಬಾರದು, ಕೂಗಿದೋನಿಗೂ ಗೊತ್ತಿರಬಾರದು. ಯಾಕೆ? ತಮ್ಮೋರಿಗೆ ಅಂತ ಕೈ ವಾಲಬಾರದು. ಆ ನಂಬರು, ಬೀಗ ಎಲ್ಲಾ ಅದೇ. ಔಷಧಿಗೂ ಹಿಟ್ಟಿಗೂ ನಡುವೆ ನ್ಯಾಯ ಆಗಲಿ ಅಂತ ನಾವು ಬೆನ್ನು ತಿರುಗಿಸಿ ನಿಂತಿದ್ವಿ.”

“ಈ ಮಾತು ಅವತ್ತೇ ಹೇಳಿದ್ರೆ ನಾನು ಮೊರ ತರ್ತಾನೇ ಇರಲಿಲ್ವಲ್ಲಪ್ಪ,” ಎಂದ ದೊಡ್ಡಮುನಿಯಪ್ಪ. ಗುಡ್ಡೆಯ ಮೇಲೆ ಗುಡ್ಡೆ ಹಾಕುವುದು ಯಾವ ಊರಿನಲ್ಲೂ ಇಲ್ಲ, ಅದು ಅವನಿಗೂ ಗೊತ್ತಿತ್ತು.

ಇದ್ದದ್ದನ್ನು ಇದ್ದಂತೆ ಬರೆದು ಕೊಡುತ್ತೇನೆ, ಈ ಊರನ್ನು ಲೆಕ್ಕದಿಂದ ತೆಗೆದು ಮಳೆಗಾಲ ಕಳೆದ ಮೇಲೆ ಬೇರೆ ಊರಿನಲ್ಲಿ ಮತ್ತೆ ಮಾಡುತ್ತೇವೆ ಎಂದರು ಡಾಕ್ಟರು. ತಾನೇ ಬೆಂಗಳೂರಿಗೆ ಬಂದು ದೊಡ್ಡ ಡಾಕ್ಟರಿಗೆ ಹೇಳುತ್ತೇನೆ, ಬೇಕಾದರೆ ಹೆಬ್ಬೆಟ್ಟೂ ಒತ್ತುತ್ತೇನೆ ಎಂದ ದೊಡ್ಡಮುನಿಯಪ್ಪ. ಆಗ ಡಾಕ್ಟರಿಗೆ ಏನೋ ನೆನಪಾಯಿತು.

“ಅಲ್ಲ, ಎಲ್ಲರೂ ಸಮ ತಿಂದಿದ್ರೆ ನಿಮ್ಮದೊಂದೇ ಯಾಕೆ ಅಷ್ಟು ಇಳೀತು? ನೀವು ಜಾಸ್ತಿ ತಿಂದ್ರಾ?”

ಅಕ್ಕಯಮ್ಮ ಅದೇ ಹೊತ್ತಿಗೆ ಡಾಕ್ಟರಿಗೆಂದು ಕಾಫಿ ತಂದಿದ್ದಳು. ದೊಡ್ಡಮುನಿಯಪ್ಪ ಅವಳನ್ನೊಮ್ಮೆ ನೋಡಿ, ಕಂಬವನ್ನೊಮ್ಮೆ ನೋಡಿ, “ನಾನು ಒಂದೂ ತಿಂದಿಲ್ಲ. ಕೊನೆಗೆ ಉಳೀತಿರಲಿಲ್ಲ,” ಎಂದ.

“ಒಂದೂ ತಿಂದಿಲ್ವಾ? ಮತ್ತೆ ದಿನಾ ಬೆಳಿಗ್ಗೆ ನನ್ನ ಮುಂದೆ ಕಹಿ ಮುಖ ಮಾಡಿದ್ದು?”

“ಅದು... ಸುಮ್ನೆ.”

“ನನ್ನ ಕಟ್ಕೊಂಡಾಗಿನಿಂದ ಮಾಡ್ತಿರೋ ಮುಖ ತಾನೇ, ಅದಕ್ಕೇ ಗೊತ್ತಾಗ್ಲಿಲ್ಲ,” ಎಂದಳು ಅಕ್ಕಯಮ್ಮ. ಆದರೆ ಅವಳ ದನಿ ಎಂದಿನಂತೆ ಹರಿತವಾಗಿರಲಿಲ್ಲ. ತನ್ನ ಪಾಲನ್ನು ಊರಿಗೆ ಕೊಟ್ಟು ಬರಿಗೈ ನುಂಗಿದ ಗಂಡನನ್ನು ಅವಳು ಒಂದು ಗಳಿಗೆ ಹೊಸಬನನ್ನು ನೋಡುವಂತೆ ನೋಡಿದಳು.

ಮಾತ್ರೆ ನುಂಗಿಸಲು ದಿನಾ ಮುನಿಗಂಗಮ್ಮನ ಮನೆಯವರೆಗೂ ನಡೆದದ್ದನ್ನು ಅವನ ಬಾಯಿಂದಲೇ ಕೇಳಿ, ಡಾಕ್ಟರು ಅವನ ಪಂಚೆ ಸರಿಸಿ ತೊಡೆ ಒತ್ತಿ ನೋಡಿದರು. ಸಂಕ್ರಾಂತಿಯಲ್ಲಿ ಜೋತುಬಿದ್ದಿದ್ದ ಮಾಂಸ ಈಗ ಗಟ್ಟಿಯಾಗಿತ್ತು. “ದಿನಾ ಕೆರೆ ಕಟ್ಟೆ ದಾಟಿ ಹೋಗಿ ಬರ್ತಿದ್ರಾ? ಹಾಗಿದ್ರೆ ನನಗೇನನ್ಸುತ್ತೆ ಗೊತ್ತಾ? ಮಂಡಿ ಭಾರ ಹೊರೋದು ಈ ತೊಡೆ. ನೋವು ಅಂತ ಕೂತ್ರೆ ತೊಡೆ ಸಣ್ಣಗಾಗುತ್ತೆ, ಭಾರವೆಲ್ಲ ಮಂಡಿ ಮೇಲೇ ಬೀಳುತ್ತೆ, ನೋವು ಇನ್ನೂ ಜಾಸ್ತಿ ಆಗುತ್ತೆ, ಇನ್ನೂ ಕೂರ್ತೀರ. ನೀವು ನಡೆದ್ರಿ, ತೊಡೆ ಗಟ್ಟಿಯಾಯ್ತು. ಒಬ್ಬರನ್ನ ನೋಡಿ ಇದೇ ಸರಿ ಅಂತ ಹೇಳಂಗಿಲ್ಲ. ಆದ್ರೂ ನಡೆಯೋದು ಬಿಡಬೇಡಿ.” ಕಾಫಿ ಲೋಟ ಎತ್ತಿಕೊಳ್ಳುತ್ತ ಸೇರಿಸಿದರು: “ಒಂದು ಮಾತು. ಕುಕ್ಕರಗಾಲಲ್ಲಿ ಮಾತ್ರ ಕೂರಬೇಡಿ. ಸವೆದಿರೋ ಮಂಡಿ ಪೂರ್ತಿ ಮಡಿಸಿದ್ರೆ ತಡೆಯಲ್ಲ.”

“ಹೊಸತೊಡಕು ಒಂದಿನ?”

“ಒಂದಿನಾನೂ ಬೇಡ.”

ಹೊಸತೊಡಕಿನ ಬೆಳಿಗ್ಗೆ ದೊಡ್ಡಮುನಿಯಪ್ಪ ಬೇಗ ಎದ್ದು ಒಗೆದ ಪಂಚೆ ಉಟ್ಟ. ಅಕ್ಕಯಮ್ಮ ಮಸಾಲೆ ರುಬ್ಬುತ್ತಿದ್ದವಳು ತಲೆಯೆತ್ತಲಿಲ್ಲ. “ಹೋಗಿ. ಬೇಡ ಅಂದ್ರೆ ಕೇಳೋ ಜನ ಅಲ್ಲ,” ಎಂದಳು.

ಕೆರೆಯ ಕೆಳಗಿನ ಹೊಂಗೆ ತೋಪಿನಲ್ಲಿ ಮರಿ ಕಡಿದಾಗಿತ್ತು. ಪೆದ್ದಪ್ಪ ಕೊರಡಿನ ಮುಂದೆ ಕುಕ್ಕರಗಾಲಲ್ಲಿ ಕೂತು ಮಚ್ಚಿನಿಂದ ತುಂಡು ಮಾಡುತ್ತಿದ್ದ. ದೊಡ್ಡಮುನಿಯಪ್ಪ ಬಂದದ್ದನ್ನು ಕಂಡು ಜನ ದಾರಿಬಿಟ್ಟರು. ಪೆದ್ದಪ್ಪನೂ ಮಾಂಸದ ರಾಶಿಯನ್ನು ಅವನ ಕಡೆ ತಳ್ಳಿದ. ದೊಡ್ಡಮುನಿಯಪ್ಪ ಉಸಿರು ಬಿಗಿಹಿಡಿದು ಮಂಡಿ ಮಡಿಸಿದ. ಲಟ್ ಎಂದು ಒಂದು ಸದ್ದಾಯಿತು, ಕಣ್ಣು ಕತ್ತಲಿಟ್ಟಿತು, ಆದರೆ ಕೂತ. ಕೂತೇಬಿಟ್ಟ!

ಆಮೇಲೆ ನೋಡಬೇಕಿತ್ತು ಅವನ ಕೈಯನ್ನು. ತೊಡೆ, ಎದೆ, ಕಲೀಜ, ಬೋಟಿ, ಎಲೆಯಿಂದ ಎಲೆಗೆ ಸರಿಯುತ್ತ ಹೋದ. ಇಲ್ಲೊಂದು ಚೂರು ತೆಗೆದು ಅಲ್ಲಿಗೆ, ಅಲ್ಲೊಂದು ತೆಗೆದು ಇಲ್ಲಿಗೆ. ಹೆಸರು ಕೂಗಿದ್ದಾಯಿತು, ಒಬ್ಬೊಬ್ಬರೇ ಎತ್ತಿಕೊಂಡರು. ಮುನಿಗಂಗಮ್ಮ ತನ್ನ ಗುಡ್ಡೆಯನ್ನು ತಿರುಗಿಸಿ ತಿರುಗಿಸಿ ನೋಡಿ, ತಪ್ಪು ಹುಡುಕಲಾಗದೆ, “ಇದು ಗುಡ್ಡೆ ಅಂದ್ರೆ,” ಎಂದು ಹೋದಳು. ಅವನ ಎದೆ ತುಂಬಿ ಬಂತು.

ಎಲ್ಲರೂ ಹೋದರು. ಅವನು ಏಳಲು ನೋಡಿದ. ಮಂಡಿ ಕೇಳಲಿಲ್ಲ. ನೆಲಕ್ಕೆ ಕೈಯೂರಿ ಮತ್ತೆ ನೋಡಿದ. ಪ್ರಾಣ ಹೋದಂತಾಯಿತು, ಕಾಲು ಮಾತ್ರ ಒಂದಂಗುಲವೂ ಬಿಚ್ಚಲಿಲ್ಲ. ಯಾರನ್ನಾದರೂ ಕರೆದರೆ ಇವತ್ತೇ ಕೊನೆ, ಇನ್ನು ಜನ್ಮದಲ್ಲಿ ಕೂರಿಸುವುದಿಲ್ಲ. ಕಣ್ಣಲ್ಲಿ ನೀರು ಬಂದದ್ದನ್ನು ಯಾರಾದರೂ ನೋಡಿದರೇ ಎಂದು ತಿರುಗಿದರೆ, ಪೆದ್ದಪ್ಪ ಇನ್ನೂ ಕೊರಡಿನ ಮುಂದೆಯೇ ಕೂತು ಒರೆಸಿದ ಮಚ್ಚನ್ನೇ ಒರೆಸುತ್ತಿದ್ದ.

“ಏನ್ಲಾ, ಮನೆಗೆ ಹೋಗಲ್ವಾ?”

“ನೀನು ಹೋಗಣ್ಣ. ನಾನು ಆಮೇಲೆ ಬರ್ತೀನಿ.”

“ನಾನು ಗಾಳಿಗೆ ಕೂತಿದೀನಿ. ನೀನು ಹೋಗು.”

“ನಾನೂ ಗಾಳಿಗೇ ಕೂತಿರೋದು.”

ಎಲೆಯೊಂದು ಅಲ್ಲಾಡುತ್ತಿರಲಿಲ್ಲ. ದೊಡ್ಡಮುನಿಯಪ್ಪ ಅವನ ಮಂಡಿಯ ಕಡೆ ನೋಡಿದ, ಪೆದ್ದಪ್ಪ ಇವನ ಮಂಡಿಯ ಕಡೆ ನೋಡಿದ.

“ನಿನಗೂನಾ?”

ಪೆದ್ದಪ್ಪ ಮಚ್ಚು ಕೆಳಗಿಟ್ಟ. “ಎರಡು ವರ್ಷ ಆಯ್ತಣ್ಣ. ನಿನಗಾಗಲ್ಲ ಅಂತ ನನ್ನ ಕರೆದ್ರಲ್ಲ, ನನಗೂ ಆಗಲ್ಲ ಅಂತ ಹೆಂಗೆ ಹೇಳೋದು? ಕೂತ್ರೆ ಜೀವ ಹೋಗೋದು. ಬೇಗ ಬೇಗ ಎಸೆದು ಎದ್ದುಬಿಡ್ತಿದ್ದೆ, ಗುಡ್ಡೆ ಸರಿ ಬೀಳ್ತಿರಲಿಲ್ಲ. ಬೀಗರಿಗೆ ಜಾರಿಸ್ತೀನಿ ಅಂತ ಊರೆಲ್ಲ ಆಡ್ಕೊಂಡ್ರು. ಆಡ್ಕೊಳ್ಳಲಿ, ಮಂಡಿ ವಿಷ್ಯ ಗೊತ್ತಾಗ್ದೆ ಇದ್ರೆ ಸಾಕು ಅಂದ್ಕೊಂಡೆ.”

ಊರೆಲ್ಲ ಆಡಿಕೊಳ್ಳುವಂತೆ ಮಾಡಿದ್ದು ಯಾರೆಂದು ದೊಡ್ಡಮುನಿಯಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ಅವನನ್ನು ಮಂಡಿಗಿಂತ ಅದೇ ಜಾಸ್ತಿ ನೋಯಿಸಿತು. “ನಾನೇ ಕಣೋ ಹೇಳಿದ್ದು. ತಪ್ಪಾಯ್ತು,” ಎಂದ. ಆಮೇಲೆ, “ನಾಳೆ ಬೆಳಿಗ್ಗೆಯಿಂದ ನನ್ನ ಜೊತೆ ಕೆರೆ ಕಟ್ಟೆ ಮೇಲೆ ನಡಿ. ಮಾತ್ರೆ ಗೀತ್ರೆ ಏನೂ ಬೇಡ,” ಎಂದ.

“ನಾಳೆ ನಡೆಯೋಣ. ಇವತ್ತು ಏಳೋದು ಹೆಂಗೆ?”

ಅಷ್ಟರಲ್ಲಿ ಕುಕ್ಕೆ ಹಿಡಿದುಕೊಂಡು ಅಕ್ಕಯಮ್ಮ ಬಂದಳು. ಮಸಾಲೆ ರುಬ್ಬಿಟ್ಟು ಕಾದು ಕಾದು ಸಾಕಾಗಿ ಹುಡುಕಿಕೊಂಡು ಬಂದಿದ್ದಳು. ಎದುರುಬದುರು ಕುಕ್ಕರಗಾಲಲ್ಲಿ ಕೂತ ಅಣ್ಣತಮ್ಮಂದಿರನ್ನೂ, ಅವರ ನಡುವೆ ಉಳಿದಿದ್ದ ಎರಡು ಗುಡ್ಡೆಯನ್ನೂ ನೋಡಿದಳು. ಯಾರೂ ಏನೂ ಹೇಳಬೇಕಾಗಲಿಲ್ಲ. ದೊಡ್ಡಮುನಿಯಪ್ಪ ಆಸೆಯಿಂದ ಕೈ ಮೇಲಕ್ಕೆ ಚಾಚಿದ.

ಅಕ್ಕಯಮ್ಮ ಬಗ್ಗಿ ಎರಡು ಗುಡ್ಡೆಯನ್ನೂ ಕುಕ್ಕೆಗೆ ಹಾಕಿಕೊಂಡಳು.

“ಮೊದ್ಲು ಇದನ್ನ ಒಲೆ ಮೇಲಿಟ್ಟು ಬರ್ತೀನಿ,” ಎಂದಳು. “ಬಿಸಿಲಿಗೆ ಇದು ಕೆಡುತ್ತೆ. ನೀವು ಇನ್ನೇನು ಕೆಡಬೇಕು?”